ಅಡ್ಡ ಪರದೆ, ನಿಲುವಿನ ಆಟ: ಆರ್ಕೇಡ್ ಸಂಕಲನಗಳನ್ನು ಸ್ವಿಚ್‌ನಲ್ಲಿ ಆಡುವುದು ಹೇಗೆ?

ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಆರ್ಕೇಡ್ ಆಟಗಳು ಈಗ ಕಟ್ಟುಕಟ್ಟಾಗಿ ಅಂಗೈಗೆ ಬರುತ್ತಿವೆ. ಪ್ಯಾಕ್‌ಮ್ಯಾನ್ (1980), ಗ್ಯಾಲಗ (1981), ಡಿಗ್ ಡಗ್ (1982) ಸೇರಿದಂತೆ 11 ಆಟಗಳ ‘ನಾಮ್ಕೊ ಮ್ಯೂಸಿಯಂ’ 2017ರಲ್ಲಿ, ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡಬಹುದಾದ ಸಾಧನ ನಿಂಟೆಂಡೊ ಸ್ವಿಚ್‌ಗೆ ಬಂತು. 2021ರಲ್ಲಿ ಬಂದ ‘ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ’ನಲ್ಲಿ 32 ಆಟಗಳಿವೆ. ಕೊಂಡವರು ಒಂದೊಂದನ್ನೂ ತೆರೆದು, ಐದು ನಿಮಿಷ ಆಡಿ, ‘ಇಷ್ಟೇನಾ’ ಎಂದು ಬದಿಗಿಟ್ಟುಬಿಡುವುದೇ ಹೆಚ್ಚು. ಅದು ಆಟದ ದೋಷವಲ್ಲ. ಇವನ್ನು ರೂಪಿಸಿದವರು ಮೂರು ಸಂಗತಿಗಳನ್ನು ನಂಬಿಕೊಂಡಿದ್ದರು: ಪಿಕ್ಚರ್ ಟ್ಯೂಬಿನ ಪರದೆ, ಗಟ್ಟಿಯಾದ ಜಾಯ್‌ಸ್ಟಿಕ್, ಆಟಗಾರನ ಜೇಬಿನ ನಾಣ್ಯ. ಸಂಕಲನದ ಸೆಟ್ಟಿಂಗ್ಸ್ ಮೂಲಕ ಈ ಮೂರನ್ನೂ ಬಹುಮಟ್ಟಿಗೆ ಮರಳಿ ಪಡೆಯಬಹುದು.

ಮೊದಲು ಪರದೆಯನ್ನು ತಿರುಗಿಸಿ

ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿಯಿತು. ಪ್ಯಾಕ್‌ಮ್ಯಾನ್, ಗ್ಯಾಲಗ, ವಿಮಾನ ಕಾಳಗದ ‘1943’ ಮೊದಲಾದ ಆಟಗಳ ಕ್ಯಾಬಿನೆಟ್‌ಗಳಲ್ಲಿ ಟ್ಯೂಬನ್ನು ನಿಲುವಾಗಿ ಕೂರಿಸುತ್ತಿದ್ದರು. ಪ್ಯಾಕ್‌ಮ್ಯಾನ್ ಚಿತ್ರದ ಅಗಲ 224 ಪಿಕ್ಸೆಲ್, ಎತ್ತರ 288. ಸ್ವಿಚ್‌ನ ಪರದೆಯೋ ಅಡ್ಡ, 1280×720. ಅಡ್ಡಲಾಗಿಯೇ ಹಿಡಿದು ಆಡಿದರೆ ಮೂರಕ್ಕೆ ನಾಲ್ಕರ ಅನುಪಾತದ ಈ ಚಿತ್ರಕ್ಕೆ ಸಿಗುವುದು ಪರದೆಯ ಸುಮಾರು ಶೇ 42 ಭಾಗ ಮಾತ್ರ. ಸಾಧನವನ್ನು ನಿಲ್ಲಿಸಿ ಚಿತ್ರವನ್ನೂ ತಿರುಗಿಸಿದರೆ ಶೇ 75 ಭಾಗ ತುಂಬುತ್ತದೆ. ಗ್ಯಾಲಗದಲ್ಲಿ ಶತ್ರುಗಳು ಮೇಲಿನಿಂದ ಸುಳಿದು ಇಳಿಯುವ ಹಾದಿಯನ್ನು ಕಣ್ಣು ಹಿಂಬಾಲಿಸಬೇಕಾದರೆ ಈ ಎತ್ತರ ಬೇಕೇ ಬೇಕು.

ಎರಡೂ ಬದಿಯ ಜಾಯ್‌ಕಾನ್‌ಗಳನ್ನು (ಗುಂಡಿಗಳಿರುವ ಹಿಡಿಕೆಗಳನ್ನು) ಕಳಚಿ, ಪರದೆಯನ್ನು ಭದ್ರವಾದ ಪುಸ್ತಕದ ಸ್ಟ್ಯಾಂಡ್‌ಗೆ ನಿಲುವಾಗಿ ಒರಗಿಸಿ. ಸ್ವಿಚ್‌ನ ಬೆನ್ನಿಗಿರುವ ಊರೆಗೋಲು ಅಡ್ಡ ಭಂಗಿಗಷ್ಟೇ ಆಗುತ್ತದೆ, ಅದನ್ನು ನೆಚ್ಚಬೇಡಿ. ಬಳಿಕ ಸಂಕಲನದ ಪರದೆ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರವನ್ನು 90 ಡಿಗ್ರಿ ತಿರುಗಿಸಿ. ಪ್ರಯಾಣದಲ್ಲಿ ಆಡುವವರಿಗಾಗಿ ಪರದೆಯನ್ನು ನಿಲುವಾಗಿ ಹಿಡಿದಿಡುವ ‘ಫ್ಲಿಪ್ ಗ್ರಿಪ್’ ಎಂಬ ಚೌಕಟ್ಟೂ ಇದೆ. ಸ್ವಿಚ್‌ನ ಚಿಕ್ಕ ಮಾದರಿಯಾದ ಸ್ವಿಚ್ ಲೈಟ್‌ನಲ್ಲಿ ಗುಂಡಿಗಳು ಕಳಚುವುದಿಲ್ಲವಾದ್ದರಿಂದ ಅದಕ್ಕೆ ಈ ಉಪಾಯ ಒಗ್ಗುವುದಿಲ್ಲ.

ಹಣ ಹಾಕುವ ಮೊದಲೇ ಇದನ್ನು ಪರೀಕ್ಷಿಸಬೇಕೆಂದರೆ ಕ್ಯಾಪ್‌ಕಾಮ್ ಸಂಕಲನವನ್ನು ಇಳಿಸಿಕೊಳ್ಳಿ. ಅದರ ಜೊತೆ 1943 ಆಟ ಉಚಿತ, ಅದೂ ನಿಲುವಿನದೇ.

ಹಿಗ್ಗಿಸಬೇಡಿ

ಸ್ಟ್ರೀಟ್ ಫೈಟರ್ 2 (1991) ಅಡ್ಡ ಪರದೆಯ ಆಟ, ಆದರೆ ಅಲ್ಲಿಯೂ ಒಂದು ತೊಡಕಿದೆ. ಅದರ ಚಿತ್ರ 384×224 ಪಿಕ್ಸೆಲ್‌ನದು. ಲೆಕ್ಕ ಹಾಕಿದರೆ ಇಂದಿನ ಅಗಲ ಪರದೆಗೆ ಹತ್ತಿರದ ಅನುಪಾತ. ಹಾಗೆಂದು ಪರದೆ ತುಂಬ ಹಿಗ್ಗಿಸಿದರೆ ರ್‍ಯು, ಕೆನ್ ಎಂಬ ಹೋರಾಟಗಾರರಿಬ್ಬರೂ ಊದಿಕೊಂಡು ಕಾಣುತ್ತಾರೆ. ಆ ಕಾಲದ ಟ್ಯೂಬು ಇದೇ ಚಿತ್ರವನ್ನು ನಾಲ್ಕಕ್ಕೆ ಮೂರರ ಚೌಕಟ್ಟಿಗೆ ಒತ್ತಿ ತೋರಿಸುತ್ತಿತ್ತು, ಕಲಾವಿದರು ಮೈಕಟ್ಟು ಬರೆದದ್ದೂ ಆ ಒತ್ತುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ. ಹಾಗಾಗಿ 4:3 ಆಯ್ಕೆಯನ್ನೇ ಹಿಡಿಯಿರಿ. ಸ್ವಿಚ್‌ನಲ್ಲಿ ಅದು 960×720 ಆಗುತ್ತದೆ. ಎರಡೂ ಬದಿ ಉಳಿಯುವ ಕಪ್ಪು ಪಟ್ಟಿ ಕಣ್ಣಿಗೆ ಬೇಗನೆ ರೂಢಿಯಾಗುತ್ತದೆ.

ಟ್ಯೂಬಿನ ಗೆರೆಗಳನ್ನು ಅನುಕರಿಸುವ ಫಿಲ್ಟರ್‌ಗಳನ್ನು ಕೈಯಲ್ಲಿ ಹಿಡಿದು ಆಡುವಾಗ ಆಫ್ ಮಾಡಿಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. 224 ಗೆರೆಗಳನ್ನು 720ಕ್ಕೆ ಹಂಚಿದರೆ ಒಂದೊಂದಕ್ಕೆ ಮೂರು ಚಿಲ್ಲರೆ ಪಿಕ್ಸೆಲ್ ಬರುತ್ತದೆ. ಗೆರೆಗಳು ಕೆಲವು ದಪ್ಪ, ಕೆಲವು ತೆಳುವಾಗಿ ಪರದೆ ಪಟ್ಟೆಪಟ್ಟೆಯಾಗುತ್ತದೆ, ಬೆಳಕೂ ಕುಂದುತ್ತದೆ.

ಯಾವ ಗುಂಡಿ?

ಪ್ಯಾಕ್‌ಮ್ಯಾನ್‌ನ ಮೂಲ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಹೊರಳುತ್ತಿತ್ತು. ಜಾಯ್‌ಕಾನ್‌ನ ಸಣ್ಣ ಕಡ್ಡಿ ಎತ್ತಲಾದರೂ ಹೊರಳುತ್ತದೆ. ಅವಸರದಲ್ಲಿ ಬೆರಳು ಓರೆಯಾದರೆ ತಿರುವು ತಪ್ಪುತ್ತದೆ. ಬಿಡಿಬಿಡಿಯಾದ ನಾಲ್ಕು ದಿಕ್ಕಿನ ಗುಂಡಿಗಳೇ ಇಲ್ಲಿ ಮೇಲು. ಇನ್ನೊಂದು ಗುಟ್ಟೂ ಇದೆ: ಮೂಲೆ ತಲುಪುವುದಕ್ಕೆ ಸ್ವಲ್ಪ ಮೊದಲೇ ತಿರುವಿನ ಗುಂಡಿ ಒತ್ತಿ ಹಿಡಿದರೆ ಪ್ಯಾಕ್‌ಮ್ಯಾನ್ ಮೂಲೆಯನ್ನು ಓರೆಯಾಗಿ ಕತ್ತರಿಸಿ ಸಾಗುತ್ತಾನೆ. ಭೂತಗಳಿಗೆ ಈ ಸೌಲಭ್ಯವಿಲ್ಲ. ಬೆನ್ನಟ್ಟಿ ಬಂದ ಕೆಂಪು ಭೂತವನ್ನು ಮೂಲೆಯಿಂದ ಮೂಲೆಗೆ ಹಿಂದಿಕ್ಕುವುದು ಹೀಗೆ.

ಹೊಡೆದಾಟದ ಆಟಗಳಲ್ಲಿ ಹೆಬ್ಬೆರಳನ್ನು ಕೆಳಗಿನಿಂದ ಮುಂದಕ್ಕೆ ಉರುಳಿಸಬೇಕಾಗುತ್ತದೆ. ಅದಕ್ಕೆ ಸ್ವಿಚ್ ಲೈಟ್‌ನಲ್ಲಿರುವಂತಹ ಕೂಡಿಕೊಂಡ ದಿಕ್ಕುಗುಂಡಿಯೇ ಅನುಕೂಲ.

ನಾಣ್ಯಕ್ಕೆ ಬೆಲೆ ಕೊಡಿ

ಸಂಕಲನದಲ್ಲಿ ಒಂದು ಗುಂಡಿ ಒತ್ತಿದರೆ ನಾಣ್ಯ ಬೀಳುತ್ತದೆ, ಎಷ್ಟು ಬೇಕಾದರೂ. ಸತ್ತಲ್ಲಿಂದಲೇ ಮುಂದುವರಿಯುತ್ತಾ ಕೊನೆ ಮುಟ್ಟುವುದು ಸುಲಭ, ಆದರೆ ಹಾಗೆ ಆಡಿದಾಗ ಆಟ ನಮಗೆ ಏನನ್ನೂ ಕಲಿಸುವುದಿಲ್ಲ. ಇಂತಹ ಆಟಗಳ ಬಿಗಿಯೆಲ್ಲ ಇರುವುದು ಒಂದು ನಾಣ್ಯ ಎಷ್ಟು ದೂರ ಒಯ್ಯುತ್ತದೆ ಎಂಬುದರಲ್ಲಿ. ಒಂದು ನಾಣ್ಯ ಮುಗಿದರೆ ಮೊದಲಿನಿಂದ ಎಂಬ ನಿಯಮ ಹಾಕಿಕೊಳ್ಳಿ. ಕಾಠಿಣ್ಯ, ಜೀವಗಳ ಸಂಖ್ಯೆ ಇವನ್ನು ಬದಲಿಸುವ ಅವಕಾಶ ಇದ್ದರೂ ಮೂಲದಲ್ಲಿದ್ದಂತೆಯೇ ಬಿಡಿ.

ಹಾಗಾದರೆ ಕ್ಯಾಪ್‌ಕಾಮ್ ಸಂಕಲನದಲ್ಲಿ ಕೊಟ್ಟಿರುವ ಹಿಂದಕ್ಕೆ ಸುತ್ತುವ ಸೌಲಭ್ಯ ಏಕೆ? ಕಲಿಯಲು. 1943ನ್ನೇ ತೆಗೆದುಕೊಳ್ಳಿ. ಅಲ್ಲಿ ಜೀವಗಳ ಬದಲು ಶಕ್ತಿಯ ಪಟ್ಟಿಯಿದೆ, ಅದು ತಾನಾಗಿಯೇ ಕರಗುತ್ತಿರುತ್ತದೆ, ವಿಶೇಷ ದಾಳಿ ಬಳಸಿದರೆ ಇನ್ನಷ್ಟು ಇಳಿಯುತ್ತದೆ. ಎದುರು ಬರುವ ‘ಪವ್’ ಗುರುತನ್ನು ಹಾಗೆಯೇ ಹಿಡಿದರೆ ಶಕ್ತಿ ತುಂಬುತ್ತದೆ, ಗುಂಡು ಹೊಡೆದರೆ ಅದು ಬೇರೆ ಬೇರೆ ಅಸ್ತ್ರಗಳಾಗಿ ಬದಲಾಗುತ್ತದೆ. ಯಾವಾಗ ಹಿಡಿಯಬೇಕು, ಯಾವಾಗ ಹೊಡೆಯಬೇಕು ಎಂಬುದೇ ಇಡೀ ಆಟದ ಲೆಕ್ಕ. ವಿಮಾನ ಉರುಳಿದ ಮೇಲೆ ಕೆಲವು ಸೆಕೆಂಡು ಹಿಂದಕ್ಕೆ ಸುತ್ತಿ, ಆಟದ ವೇಗ ತಗ್ಗಿಸಿ, ಗುಂಡು ಎತ್ತಲಿಂದ ಬಂತೆಂದು ನೋಡಿ. ಅದೇ ಕ್ಷಣವನ್ನು ಇನ್ನೊಂದು ಬಗೆಯಲ್ಲಿ ಆಡಿ. ಕೈಗೆ ಹತ್ತಿದ ಮೇಲೆ ಸುತ್ತುವ ಗುಂಡಿಯನ್ನು ಮರೆತು ಹೊಸ ನಾಣ್ಯ ಹಾಕಿ.

ಕೊನೆಗೆ ಟಿವಿಯ ವಿಷಯ. ಸ್ವಿಚ್ ಅನ್ನು ಟಿವಿಗೆ ಜೋಡಿಸುವ ಡಾಕ್‌ನಲ್ಲಿಟ್ಟು ದೊಡ್ಡ ಪರದೆಯಲ್ಲಿ ಆಡುವುದಾದರೆ ಟಿವಿಯ ಗೇಮ್ ಮೋಡ್ ಹಾಕಿಕೊಳ್ಳಿ. ಚಿತ್ರವನ್ನು ಚೆಂದಗಾಣಿಸಲು ಟಿವಿ ತೆಗೆದುಕೊಳ್ಳುವ ಸಮಯದಿಂದಾಗಿ, ಗುಂಡಿ ಒತ್ತಿದ್ದಕ್ಕೂ ವಿಮಾನ ಸರಿಯುವುದಕ್ಕೂ ನಡುವೆ ಕೆಲವು ಫ್ರೇಮುಗಳ ಅಂತರ ಬೀಳುತ್ತದೆ. ಗೇಮ್ ಮೋಡ್ ಇಲ್ಲದ ಟಿವಿಯಾದರೆ ಕೈಯಲ್ಲಿನ ಸಣ್ಣ ಪರದೆಯಲ್ಲೇ ಆಡಿ.