ಅಮ್ಮನ ವೀಲ್‌ಚೇರ್ ಮತ್ತೆ ಹಗುರವಾಗಿ ಓಡಿತು

ಅಮ್ಮನ ಎಲೆಕ್ಟ್ರಿಕ್ ವೀಲ್‌ಚೇರ್ ದೇವಸ್ಥಾನಕ್ಕೆ ಹೋಗಿ ಬಂದರೂ ಚಾರ್ಜ್ ಉಳಿಯುತ್ತಿತ್ತು. ಈಚೆಗೆ ವಾಪಸ್ ಬರುವಾಗ ನಮ್ಮ ಬೀದಿ ಮುಟ್ಟುವ ಮೊದಲೇ ಕೆಂಪು ದೀಪ. ರಿಪೇರಿಯವರು ಬಿಚ್ಚಿಯೂ ನೋಡದೆ ಬ್ಯಾಟರಿ ಬದಲಿಸಿ ಅಂದರು. 12 ವೋಲ್ಟಿನ ಎರಡು ಬ್ಯಾಟರಿ ಅಂದರೆ ಸಣ್ಣ ಖರ್ಚಲ್ಲ, ಅಲ್ವಾ?

ಸ್ವಿಚ್ ಆಫ್ ಮಾಡಿ, ಲಿವರ್ ತಿರುಗಿಸಿ ಮೋಟಾರಿನ ಹಿಡಿತ ಬಿಡಿಸಿದೆ. ಸಮತಟ್ಟು ನೆಲದ ಮೇಲೆ ಕೈಯಿಂದ ತಳ್ಳಿದೆ. ಖಾಲಿ ಕುರ್ಚಿಯೇ ಯಾರೋ ಹಿಂದಕ್ಕೆ ಎಳೆದಷ್ಟು ಬಿಗಿ! (ಲಿವರ್ ಬಿಡಿಸಿದಾಗ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ, ಯಾರಾದರೂ ಕೂತಿರುವಾಗ ಮಾಡಲೇಬೇಡಿ.)

ಮುಂದಿನ ಪುಟ್ಟ ಚಕ್ರ ಬಿಚ್ಚಿದೆ. ಅಚ್ಚಿನ ಸುತ್ತ ಅಮ್ಮನ ಉದ್ದ ಕೂದಲು, ಸೀರೆಯ ನೂಲು, ಕಪ್ಪು ಗ್ರೀಸು ಸೇರಿ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಬ್ಲೇಡಿನಿಂದ ಕೊಯ್ದು, ಚಿಮಟದಿಂದ ಎಳೆದು ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಕರಕರ ಅನ್ನುತ್ತಿದ್ದ ಬೇರಿಂಗ್ ಬದಲಿಸಿದೆ.

ಹಿಂದಿನ ಟೈರು ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮೆತ್ತಗಿನ ಟೈರು ಪ್ರತಿ ಸುತ್ತಿಗೂ ಹಿಚುಕಿಕೊಂಡು ಬಿಸಿಯಾಗುತ್ತದೆ. ಆ ಬಿಸಿಗೆ ಹೋಗುವುದು ಬ್ಯಾಟರಿಯ ಶಕ್ತಿಯೇ. ಟೈರಿನ ಪಕ್ಕದಲ್ಲಿ ಬರೆದಷ್ಟು ಗಾಳಿ ಹಾಕಿಸಿದೆ.

ಮತ್ತೆ ತಳ್ಳಿದೆ. ಎರಡು ಬೆರಳು ಸಾಕಾಯಿತು. ಹಳೇ ಬ್ಯಾಟರಿಯಲ್ಲೇ ಅಮ್ಮ ಈಗ ದೇವಸ್ಥಾನದಿಂದ ತರಕಾರಿ ಅಂಗಡಿಗೂ ಹೋಗಿ, ಸೊಪ್ಪು ತಂದು ಮನೆ ಸೇರುತ್ತಾರೆ.