ಹಾಳೆ, ಹಗ್ಗ, ಹಳೆಯ ಮುಂಡು: ಗರ್ಭದಲ್ಲಿ ಕರುಳು ತಿರುಗುವುದನ್ನು ಕೈಯಿಂದ ಮಾಡಿ ಕಲಿಯುವ ಬಗೆ

ಕಾಸರಗೋಡು, ಮಂಜೇಶ್ವರದ ಕನ್ನಡ ಶಾಲೆಗಳಲ್ಲಿ ಓದಿ ನರ್ಸಿಂಗಿಗೋ ಎಂಬಿಬಿಎಸ್ಸಿಗೋ ಸೇರಿದವರಿಗೆ ಮೊದಲ ವರ್ಷ ತಲೆ ತಿನ್ನುವ ಪಾಠಗಳಲ್ಲಿ ಪೆರಿಟೋನಿಯಂ ಒಂದು. ಹೊಟ್ಟೆಯೊಳಗಿನ ಈ ತೆಳುಪೊರೆ ಎಲ್ಲಿ ಮಡಿಚುತ್ತದೆ, ಎಲ್ಲಿ ಅಂಟುತ್ತದೆ ಎಂಬುದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಕಷ್ಟ ಇಂಗ್ಲಿಷಿನದು ಮಾತ್ರವಲ್ಲ. ಭ್ರೂಣದಲ್ಲಿ ನಡೆದದ್ದು ಚಲನೆ, ನಾವು ನೋಡುವುದು ಚಲನೆ ನಿಂತ ಮೇಲಿನ ಚಿತ್ರ. ಆ ಚಲನೆಯನ್ನು ಒಮ್ಮೆ ಕೈಯಾರೆ ಮಾಡಿದರೆ ಹೆಚ್ಚಿನ ಹೆಸರುಗಳು ತಾವಾಗಿಯೇ ಜಾಗಕ್ಕೆ ಬಂದು ಕೂರುತ್ತವೆ. ಬೇಕಾದ ಸಾಮಾನು ತೋಟದ ಮನೆಯಲ್ಲೇ ಸಿಗುತ್ತದೆ.

ಅರ್ಧ ಮೀಟರ್ ಉದ್ದ, ಸುಮಾರು 25 ಸೆಂ.ಮೀ. ಅಗಲದ ಒಂದು ಅಡಿಕೆ ಹಾಳೆ. ಅದರ ಸಹಜ ಬಾಗು ಹೊಟ್ಟೆಯ ಹಿಂಗೋಡೆಗೆ ಹೇಳಿ ಮಾಡಿಸಿದಂತಿದೆ. ಒಂದು ಗಂಟೆ ನೀರಲ್ಲಿ ನೆನೆಸಿದರೆ ಸೂಜಿ ಸಲೀಸಾಗಿ ಇಳಿಯುತ್ತದೆ. ಆದರೂ ಗೋಣಿ ಸೂಜಿಯೇ ಬೇಕು. ಗಂಜಿ ಹಾಕದ ಹಳೆಯ ಹತ್ತಿ ಮುಂಡು ಒಂದು. ಪಾಲಿಯೆಸ್ಟರ್ ಜಾರುತ್ತದೆ, ಮಡಿಕೆ ನಿಲ್ಲುವುದಿಲ್ಲ. ಕಿರುಬೆರಳಿನಷ್ಟು ದಪ್ಪದ ಹತ್ತಿ ಹಗ್ಗ 140 ಸೆಂ.ಮೀ., ಕೆಂಪು ಉಲ್ಲನ್ ದಾರ, ಒಂದು ತುಂಡು ಸ್ಪಂಜು, ಒಂದು ಚಾಲಿ ಅಡಿಕೆ, ಎರಡು ಗೇರುಬೀಜ, ಒಂದು ಡಜನ್ ಸೇಫ್ಟಿ ಪಿನ್ನು.

ಹಾಳೆಯನ್ನು ಮುಂದೆ ಇಟ್ಟು, ನಿಮ್ಮ ಬಲಗೈ ಕಡೆಯ ಅಂಚಿನಲ್ಲಿ ‘ಎಡ’ ಎಂದೂ ಎಡಗೈ ಕಡೆ ‘ಬಲ’ ಎಂದೂ ಮೊದಲೇ ಬರೆಯಿರಿ. ಮಲಗಿದ ಮಗುವನ್ನು ನೀವು ಎದುರಿನಿಂದ ನೋಡುತ್ತಿದ್ದೀರಿ. ಇದನ್ನು ಬರೆಯದೆ ಶುರುಮಾಡಿದವರಲ್ಲಿ ಹೆಚ್ಚಿನವರು ಕರುಳನ್ನು ತಿರುಗಿಸುವಾಗ ಎಡಬಲ ತಪ್ಪುತ್ತಾರೆ.

ಈಗ ಗೇರುಬೀಜ ಎರಡನ್ನೂ ಹಾಳೆಗೆ ಅಂಟಿಸಿ, ಮೇಲೆ ಒಂದು ಪದರ ಬಟ್ಟೆ ಹೊದಿಸಿ ಅಂಚು ಹೊಲಿಯಿರಿ. ಅವು ಮೂತ್ರಪಿಂಡಗಳು: ಹುಟ್ಟಿದ್ದೇ ಪೊರೆಯ ಹಿಂದೆ, ಸೊಂಟದ ಗುಳಿಯಿಂದ ಮೇಲೇರಿದ್ದೂ ಪೊರೆಯ ಹಿಂದೆಯೇ. ಹೊದಿಸಿದ ಬಟ್ಟೆ ಗೋಡೆಯ ಪೆರಿಟೋನಿಯಂ. ಕರುಳಿನ ಕತೆ ಬೇರೆ. ಅದು ಎರಡು ಪದರಗಳ ನಡುವೆ, ಚಡ್ಡಿಯ ಮಡಿಕೆಯೊಳಗಿನ ಲಾಡಿಯಂತೆ ತೂಗಾಡುತ್ತದೆ. ಆ ಎರಡು ಪದರದ ಬಟ್ಟೆಯೇ ಮೆಸೆಂಟರಿ. ರಕ್ತನಾಳ, ನರ ಎಲ್ಲವೂ ಅದರೊಳಗಿನಿಂದಲೇ ಕರುಳಿಗೆ ಹೋಗಬೇಕು; ಬೇರೆ ದಾರಿಯಿಲ್ಲ.

ನಾಲ್ಕನೆಯ ವಾರದಲ್ಲಿ ಚಪ್ಪಟೆಯಾಗಿದ್ದ ಭ್ರೂಣ ತಲೆಯಿಂದ, ಬಾಲದಿಂದ, ಎರಡೂ ಬದಿಗಳಿಂದ ಮಡಿಚಿಕೊಂಡು ಕರುಳಿನ ಈ ಕೊಳವೆ ಉಂಟಾಗುತ್ತದೆ. ಹಗ್ಗದ ಎರಡೂ ತುದಿಯಲ್ಲಿ ಗಂಟಿಗೆಂದು ನಾಲ್ಕೈದು ಸೆಂ.ಮೀ. ಬಿಟ್ಟು ಬಣ್ಣ ಹಚ್ಚಿ: 20 ಸೆಂ.ಮೀ. ಅರಿಸಿನ, 91 ಸೆಂ.ಮೀ. ಕೆಂಪು, 20 ಸೆಂ.ಮೀ. ನೀಲಿ. ಮುಂಗರುಳು, ನಡುಗರುಳು, ಹಿಂಗರುಳು. ಈ ಗಡಿಗಳನ್ನು ಹಾಕುವುದು ರಕ್ತನಾಳ. ಸೀಲಿಯಾಕ್ ನಾಳ ಮುಂಗರುಳಿಗೆ, ಸುಪೀರಿಯರ್ ಮೆಸೆಂಟರಿಕ್ ಧಮನಿ ನಡುಗರುಳಿಗೆ, ಇನ್‌ಫೀರಿಯರ್ ಮೆಸೆಂಟರಿಕ್ ಹಿಂಗರುಳಿಗೆ. ನಡುಗರುಳು ಡ್ಯುಯೋಡಿನಮ್ಮಿನಲ್ಲಿ (ಸಣ್ಣಕರುಳಿನ ಮೊದಲ ಭಾಗ) ಪಿತ್ತನಾಳ ತೆರೆಯುವಲ್ಲಿಂದ ಕೆಳಗೆ ಶುರುವಾಗಿ, ಅಡ್ಡಗರುಳಿನ (ದೊಡ್ಡಕರುಳಿನ ಅಡ್ಡಭಾಗ) ಮೂರನೇ ಎರಡು ಭಾಗದವರೆಗೆ ಬರುತ್ತದೆ. ಅಪೆಂಡಿಕ್ಸ್ ಉರಿಯೂತದ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿ, ಆಮೇಲೆ ಬಲ ಕಿಬ್ಬೊಟ್ಟೆಗೆ ಇಳಿಯುವುದಕ್ಕೂ ಇದೇ ವಿಂಗಡಣೆ ಕಾರಣ. ನಡುಗರುಳಿನ ನೋವನ್ನು ಮೆದುಳು ಹೊಕ್ಕುಳ ಸುತ್ತ ಗುರುತಿಸುತ್ತದೆ. ಉರಿ ಗೋಡೆಯ ಪೊರೆಗೆ ತಾಗಿದ ಮೇಲೆಯೇ ನೋವಿಗೆ ನಿಖರ ಜಾಗ ಸಿಗುತ್ತದೆ.

ಮೊದಲು ಜಠರ. ಅರಿಸಿನ ಹಗ್ಗದ ಹಿಂದಕ್ಕೆ 15 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಎರಡು ಪದರ ಬಟ್ಟೆಯನ್ನು ಹಾಳೆಯ ನಡುಗೆರೆಗೆ ಹೊಲಿಯಿರಿ. ಅದರ ಆಳವನ್ನು ನೆರಿಗೆ ಹಿಡಿದು ತಾತ್ಕಾಲಿಕ ಹೊಲಿಗೆಯಿಂದ 8 ಸೆಂ.ಮೀ.ಗೆ ಇಳಿಸಿಡಿ. ಮುಂದಕ್ಕೂ 8 ಸೆಂ.ಮೀ. ಎರಡು ಪದರ ಬಟ್ಟೆ, ಅದರ ನಡುವೆ ಸ್ಪಂಜಿನ ಯಕೃತ್ತು. ಮುಂಗಡೆಯ ಪೊರೆ ಮುಂಗರುಳಿಗೆ ಮಾತ್ರ ಇರುವುದು. ಕೆಂಪು ಹಗ್ಗಕ್ಕೆ ಹಾಕಬೇಡಿ. ಸ್ಪಂಜಿನಿಂದ ಜಠರದ ಕಡೆ ಉಳಿದ ಬಟ್ಟೆ ಲೆಸ್ಸರ್ ಓಮೆಂಟಂ, ಮುಂಗೋಡೆಯ ಕಡೆಯದು ಫಾಲ್ಸಿಫಾರ್ಮ್ ಲಿಗಮೆಂಟ್. ಈ ಎರಡನೆಯದರ ಕೆಳ ಅಂಚಿನಲ್ಲೇ ಹೊಕ್ಕುಳಿನ ಸಿರೆ ಬರುವುದು.

ಹಿಂದಿನ ಬಟ್ಟೆಯ ಪದರಗಳ ನಡುವೆ ಚಾಲಿ ಅಡಿಕೆ ಸೇರಿಸಿ, ಅದು ಗುಲ್ಮ (ಸ್ಪ್ಲೀನ್). ಈಗ ಜಠರವನ್ನು ಉದ್ದದ ಅಕ್ಷದಲ್ಲಿ 90 ಡಿಗ್ರಿ ತಿರುಗಿಸಿ, ಎಡ ಮೈ ಮುಂದಕ್ಕೆ ಬರುವಂತೆ. ಹಿಂದಿನ ಅಂಚು ಎಡಕ್ಕೆ ಹೋಯಿತು, ಗುಲ್ಮವೂ ಅದರ ಜತೆಗೆ ಎಡಕ್ಕೆ ಸರಿಯಿತು, ಯಕೃತ್ತು ಬಲಕ್ಕೆ ಹೊರಳಿತು, ಜಠರದ ಹಿಂದೆ ಒಂದು ಜೋಳಿಗೆ ಉಂಟಾಯಿತು. ಬೆರಳು ಹಾಕಿ ನೋಡಿ, ಅದೇ ಓಮೆಂಟಲ್ ಬರ್ಸಾ. ಎಡ ವೇಗಸ್ ನರ ಜಠರದ ಮುಂದೆ, ಬಲದ್ದು ಹಿಂದೆ ಯಾಕೆ ಎಂದು ಇನ್ನು ಯಾರೂ ಹೇಳಿಕೊಡಬೇಕಿಲ್ಲ. ತಾತ್ಕಾಲಿಕ ಹೊಲಿಗೆ ಬಿಚ್ಚಿದರೆ ಸಡಿಲಾದ ಬಟ್ಟೆ ಕೆಳಗೆ ಜೋತು ಮತ್ತೆ ಮೇಲೆ ಮಡಿಚಿ ನಾಲ್ಕು ಪದರವಾಗುತ್ತದೆ: ಗ್ರೇಟರ್ ಓಮೆಂಟಂ.

ನಡುಗರುಳಿಗೆ ಬನ್ನಿ; ಹೆಚ್ಚಿನ ಹೊತ್ತನ್ನು ಇಲ್ಲೇ ಕಳೆಯಬೇಕು. ಬುಡದಲ್ಲಿ 10 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದದ ನಾಲಗೆಯಾಕಾರದ ಎರಡು ತುಂಡು ಕತ್ತರಿಸಿ, ನಡುವೆ ಕೆಂಪು ಉಲ್ಲನ್ ದಾರವನ್ನು ಬುಡದಿಂದ ತುದಿಗೆ ಎಳೆದು ಒಟ್ಟಿಗೆ ಹೊಲಿಯಿರಿ. ದಾರ ಸುಪೀರಿಯರ್ ಮೆಸೆಂಟರಿಕ್ ಧಮನಿ. ಕೆಂಪು ಹಗ್ಗವನ್ನು ಅಂಚಿಗೆ ಟಾಕೆ ಹಾಕಿ ಕಟ್ಟಿ. ಮೇಲಂಚಿನಲ್ಲಿ ಪ್ರತಿ 5 ಸೆಂ.ಮೀ. ಬಟ್ಟೆಗೆ 8 ಸೆಂ.ಮೀ. ಹಗ್ಗ ಬಿಡಿ, ಕೆಳಂಚಿನಲ್ಲಿ ಸಮಸಮ. ಕುಣಿಕೆಯ ಮೇಲಿನ ಕಾಲು, ಅಂದರೆ ಮೇಲಂಚಿನ ಹಗ್ಗ, ಬೇಗ ಬೆಳೆದು ಸುರುಳಿಯಾಗುವುದನ್ನು ಈ ಸಡಿಲು ತೋರಿಸುತ್ತದೆ. ತುದಿ ದಾಟಿ ಕೆಳಗಿನ ಕಾಲಿನಲ್ಲಿ 6 ಸೆಂ.ಮೀ. ದೂರಕ್ಕೆ ಒಂದು ಗಂಟು, ಅದು ಸೀಕಂ, ದೊಡ್ಡಕರುಳು ಶುರುವಾಗುವ ಚೀಲ. ಬುಡವನ್ನು ಮಾತ್ರ ಪೂರ್ತಿ ಹೊಲಿಯಬೇಡಿ: ದಾರದ ಸುತ್ತ ನಡುವಿನ 3 ಸೆಂ.ಮೀ. ಸಾಕು. ಇಡೀ 10 ಸೆಂ.ಮೀ. ಹೊಲಿದರೆ ಮಾದರಿ ತಿರುಗುವುದೇ ಇಲ್ಲ.

ಆರನೆಯ ವಾರದಲ್ಲಿ ಹೊಟ್ಟೆ ಚಿಕ್ಕದು, ಯಕೃತ್ತು ದೊಡ್ಡದು. ಜಾಗ ಸಾಲದೆ ಈ ಕುಣಿಕೆ ಹೊಕ್ಕುಳಬಳ್ಳಿಯೊಳಕ್ಕೆ ಹೊರಡುತ್ತದೆ. ತುದಿಯನ್ನು ನಿಮ್ಮತ್ತ ಎಳೆದು ಹಿಡಿದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 90 ಡಿಗ್ರಿ ತಿರುಗಿಸಿ. ಮೇಲಿನ ಕಾಲು ದೇಹದ ಬಲಕ್ಕೆ ಬಂತು. ಹತ್ತನೆಯ ವಾರದ ಹೊತ್ತಿಗೆ ಒಳಗೆ ಮರಳುವಾಗ ಅದೇ ದಿಕ್ಕಿನಲ್ಲಿ ಇನ್ನೂ 180. ಒಟ್ಟು 270 ಡಿಗ್ರಿ. ಜೆಜುನಂ (ಸಣ್ಣಕರುಳಿನ ನಡುಭಾಗ) ಮೊದಲು ಒಳಹೋಗಿ ಎಡ ಮೇಲ್ಭಾಗ ಹಿಡಿಯುತ್ತದೆ, ಸೀಕಂ ಕೊನೆಗೆ ಬಂದು ಯಕೃತ್ತಿನ ಕೆಳಗೆ ನಿಂತು, ಆಮೇಲೆ ಬಲ ಕಿಬ್ಬೊಟ್ಟೆಗೆ ಇಳಿಯುತ್ತದೆ. ತಿರುಗಿಸಿದ ಮೇಲೆ ಪರೀಕ್ಷಿಸಿ: ಡ್ಯುಯೋಡಿನಂ ಕೆಂಪು ದಾರದ ಹಿಂದೆ, ಅಡ್ಡಗರುಳು ಮುಂದೆ ಇರಬೇಕು. ಅದಲುಬದಲಾಗಿದ್ದರೆ ತಿರುಗಿಸಿದ ದಿಕ್ಕು ತಪ್ಪಿದೆ. ಅಪರೂಪಕ್ಕೆ ಮಕ್ಕಳಲ್ಲೂ ಇದೇ ಆಗುತ್ತದೆ.

ಇಲ್ಲಿ ಹೇಳಿದ ವಾರಗಳು ಫಲಿತಗೊಂಡ ದಿನದಿಂದ ಎಣಿಸಿದವು. ಆಸ್ಪತ್ರೆಯ ಚೀಟಿಯಲ್ಲಿ ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಎರಡು ವಾರ ಹೆಚ್ಚು ಇರುತ್ತದೆ. ಅಲ್ಲಿಯ ಲೆಕ್ಕದ 10ನೆಯ ವಾರದ ಸ್ಕ್ಯಾನಿನಲ್ಲಿ ಕರುಳು ಬಳ್ಳಿಯೊಳಗೆ ಕಂಡರೆ ಸಹಜ. 12 ದಾಟಿಯೂ ಕಂಡರೆ ತಜ್ಞರು ನೋಡಬೇಕು. ಒಳಬಾರದೆ ಪೊರೆಯೊಳಗೇ ಉಳಿದದ್ದು ಓಂಫಲೋಸೀಲ್. ಪೊರೆಯೇ ಇಲ್ಲದೆ, ಸಾಮಾನ್ಯವಾಗಿ ಹೊಕ್ಕುಳಿನ ಬಲಗಡೆ, ಕರುಳು ಹೊರಬಂದದ್ದು ಗ್ಯಾಸ್ಟ್ರೋಸ್ಕಿಸಿಸ್.

ಕೊನೆಗೆ ಅಂಟಿಸುವ ಕೆಲಸ. ಸಣ್ಣಕರುಳಿನ ಪೊರೆಯ ಬುಡವನ್ನು ಎಡ ಮೇಲಿನಿಂದ ಬಲ ಕೆಳಕ್ಕೆ ಓರೆಯಾಗಿ ಪಿನ್ನು ಹಾಕಿ. ವಯಸ್ಕರಲ್ಲಿ ಈ ಬುಡ ಸುಮಾರು 15 ಸೆಂ.ಮೀ. ಏರುಗರುಳು, ಇಳಿಗರುಳು ಎರಡನ್ನೂ ಪೊರೆಸಮೇತ ಗೋಡೆಗೆ ಒತ್ತಿ ಪಿನ್ನು. ಅಡ್ಡಗರುಳು, ಸಿಗ್ಮಾಯ್ಡ್ (ಇಳಿಗರುಳಿನ ಮುಂದಿನ ಭಾಗ) ತೂಗಾಡಲಿ. ಮೂತ್ರಪಿಂಡ ಮೊದಲಿನಿಂದಲೂ ಪೊರೆಯ ಹಿಂದೆ ಇತ್ತು, ಏರುಗರುಳು ಆಮೇಲೆ ಅಂಟಿತು. ಈ ವ್ಯತ್ಯಾಸ ಶಸ್ತ್ರವೈದ್ಯರಿಗೆ ದೊಡ್ಡ ಉಪಕಾರ: ಅಂಟಿದ ಗೆರೆಯಲ್ಲೇ ಬಿಡಿಸಿದರೆ ರಕ್ತಸ್ರಾವ ತೀರಾ ಕಡಿಮೆ.

ಈಗ ಎಲ್ಲ ಪಿನ್ನು ತೆಗೆಯಿರಿ. ಬುಡ ಮತ್ತೆ 3 ಸೆಂ.ಮೀ. ಕುಣಿಕೆಯನ್ನು ಗಡಿಯಾರದ ದಿಕ್ಕಿಗೆ ಒಂದೆರಡು ಸುತ್ತು ತಿರುಗಿಸಿ, ಕೆಂಪು ದಾರವನ್ನು ನೋಡಿ. ಅದು ಬಿಗಿದು ಹಿಂಡಿಹೋಗುತ್ತದೆ. ಕರುಳು ಸರಿಯಾಗಿ ತಿರುಗದ, ಅಂಟದ ಮಗುವಿನಲ್ಲಿ ಇದೇ ವೊಲ್ವುಲಸ್. ಇಡೀ ನಡುಗರುಳು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಹೊರಗೆ ಕಾಣುವ ಮೊದಲ ಗುರುತು ಹಸಿರು ವಾಂತಿ. ಹೊಟ್ಟೆ ಮೆತ್ತಗಿದ್ದರೂ, ಮಗು ನಗುತ್ತಿದ್ದರೂ, ಹಸಿಗೂಸು ಹಸಿರು ಕಾರಿದರೆ ಬೆಳಗಾಗಲಿ ಎಂದು ಕಾಯಬಾರದು, ಓಮದ ನೀರು ಕುಡಿಸಬಾರದು. ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು. ಕಾಸರಗೋಡಿನಿಂದ ಮಂಗಳೂರು 50 ಕಿ.ಮೀ.; ಹೊರಡುವಾಗಲೇ ಫೋನ್ ಮಾಡಿ ‘ಹಸಿರು ವಾಂತಿ’ ಎಂಬ ಎರಡು ಪದ ಹೇಳಿ.

ಕುಣಿಕೆಯ ತುದಿಗೆ ಎರಡು ಇಂಚಿನ ದಾರದ ತುಂಡು ಕಟ್ಟಿಡಿ. ಭ್ರೂಣದ ಹಳದಿ ಚೀಲಕ್ಕೆ (ಯೋಕ್ ಸ್ಯಾಕ್) ಹೋಗುತ್ತಿದ್ದ ನಾಳದ ಉಳಿಕೆ ಅದು, ಮೆಕೆಲ್ ಡೈವರ್ಟಿಕ್ಯುಲಂ. ಸುಮಾರು ನೂರರಲ್ಲಿ ಇಬ್ಬರಿಗೆ ಇರುತ್ತದೆ.

ಮಾದರಿಯನ್ನು ಎರಡು ದಿನ ಬಿಸಿಲಿಗೆ ಒಣಗಿಸಿಯೇ ಎತ್ತಿಡಿ. ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಬರುತ್ತದೆ. ಅಟ್ಟದಲ್ಲಿ, ಒಲೆಯ ಹೊಗೆ ತಾಗುವ ಕಡೆ ತೂಗುಹಾಕಿದರೆ ಮುಂದಿನ ತಂಡಕ್ಕೂ ಬರುತ್ತದೆ. ಬಟ್ಟೆ ಒಗೆಯುವುದಾದರೆ ಮೊದಲು ಸ್ಪಂಜು, ಅಡಿಕೆ ತೆಗೆಯಿರಿ. ಅಡಿಕೆಯ ಕಲೆ ಹೋಗುವುದಿಲ್ಲ.