ದುಗ್ಗಮ್ಮನ ಜಾತ್ರೆ ಬಾಡೂಟಕ್ಕೆ ರೆಡ್ ವೈನ್: ಖಾರ ನೋಡಿ ಬಾಟಲಿ ಆರಿಸಿ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದರೆ ಮನೆ ತುಂಬ ನೆಂಟರು, ಒಲೆ ಮೇಲೆ ಮಟನ್. ಬೆಂಗಳೂರಿಂದ ಬರುವ ಯಾರೋ ಒಬ್ಬರು ಒಂದು ರೆಡ್ ವೈನ್ ಬಾಟಲಿನೂ ತಂದಿರುತ್ತಾರೆ. ಪೂಜೆ, ಎಡೆ ಎಲ್ಲ ಮುಗಿದ ಮೇಲೆ ಅದನ್ನು ಸ್ಟೀಲ್ ಲೋಟಕ್ಕೆ ಸುರಿದು, ಒಂದೇ ಗುಟುಕಿಗೆ ಎತ್ತಿ, 'ಥೂ, ಒಗರು' ಅಂತ ಮುಖ ಕಿವುಚುತ್ತಾರೆ. ತಪ್ಪು ಬಹುತೇಕ ಬಿಸಿಲಿನದು, ಇಲ್ಲಾ ಖಾರದ್ದು.

ಮೊದಲು ಬಾಟಲಿ ತಂಪು ಮಾಡಿ. ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದು ಅನ್ನುವುದು ಯುರೋಪಿನ ಚಳಿ ಮನೆಗಳ ಮಾತು. ಅದಕ್ಕೆ 16ರಿಂದ 18 ಡಿಗ್ರಿ ಸಾಕು, ನಮ್ಮ ಬೇಸಿಗೆಯ ಹಾಲ್‌ನಲ್ಲಿ 30 ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಫ್ರಿಜ್‌ಗೆ ಇಡಿ.

ಗಾಜಿನ ಲೋಟ ತಗೊಳ್ಳಿ, ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿ. ಮೊದಲು ಸುಮ್ನೆ ಮೂಸಿ, ಆಮೇಲೆ ಲೋಟ ತಿರುಗಿಸಿ ಇನ್ನೊಮ್ಮೆ ಮೂಸಿ. ಗಾಳಿ ತಾಗಿದರೆ ವಾಸನೆ ಬಿಚ್ಚಿಕೊಳ್ಳುತ್ತದೆ. ವಿನೆಗರ್ ಇಲ್ಲವೇ ನೆಂದ ರಟ್ಟಿನ ವಾಸನೆ ಬಂದರೆ ಬಾಟಲಿ ಕೆಟ್ಟಿದೆ, ಮುಲಾಜಿಲ್ಲದೆ ಪಕ್ಕಕ್ಕಿಡಿ. ಸರಿ ಇದ್ದರೆ ಚಿಕ್ಕ ಗುಟುಕು ತಗೊಂಡು ಬಾಯಲ್ಲಿ ಆಡಿಸಿ. ಜೊಲ್ಲೂರಿದರೆ ಹುಳಿ ಇದೆ. ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ಚನ್ನಗಿರಿ ಕಡೆಯ ಹಸಿ ಅಡಿಕೆ ಜಗಿದ ಹಾಗೆ ಒಸಡು ಒಣಗಿ ಹಿಡಿದರೆ ಅದು ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವಂಥದ್ದು.

ಈಗ ಕೊಬ್ಬಿರುವ ಒಂದು ಮಟನ್ ತುಂಡು ತಿಂದು ಮತ್ತೆ ಗುಟುಕರಿಸಿ. ಒಗರು ಇಳಿದಿರುತ್ತದೆ, ಅಲ್ವಾ? ಟ್ಯಾನಿನ್ ನಿಮ್ಮ ಜೊಲ್ಲನ್ನು ಬಿಟ್ಟು ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಉಪ್ಪೂ ಒಗರನ್ನು ಇಳಿಸುತ್ತದೆ. ಮೆಣಸಿನಕಾಯಿ ಮಾತ್ರ ಉಲ್ಟಾ, ಒಗರನ್ನೂ ಆಲ್ಕೋಹಾಲಿನ ಉರಿಯನ್ನೂ ಜಾಸ್ತಿ ಮಾಡುತ್ತದೆ. ಅದಕ್ಕೇ ಮಿರ್ಚಿ ಬಜ್ಜಿ ಕಚ್ಚಿ ರೆಡ್ ವೈನ್ ಕುಡಿಯಬೇಡಿ, ಅದಕ್ಕೆ ಮಜ್ಜಿಗೆನೇ ಸರಿ.

ಹಾಗಾಗಿ ಬಾಟಲಿ ಆರಿಸುವಾಗ ಸಾರಿನ ಬಣ್ಣ ನೋಡಿ. ಕೆಂಪಗೆ ಖಾರದ ಸಾರು, ಜೋಳದ ರೊಟ್ಟಿ ಅಂದರೆ ಹಗುರವಾದ, ಹಣ್ಣಿನ ರುಚಿ ಮುಂದಿರುವ ವೈನ್ ಬೇಕು. ನಾಸಿಕ್‌ನ ಸುಲಾ ವೈನ್ ಕಂಪನಿಯವರ ಜಿನ್‌ಫಂಡೆಲ್ (ಅದೇ ಹೆಸರಿನ ದ್ರಾಕ್ಷಿಯದ್ದು) ಅಂಥದ್ದು. ಖಾರ ಕಮ್ಮಿ ಹಾಕಿ ಕಾಳುಮೆಣಸಿನಲ್ಲಿ ಹುರಿದ ಚಾಪ್ಸ್ ಇದ್ದರೆ ಶಿರಾಜ್ ದ್ರಾಕ್ಷಿಯ ವೈನ್ ಚೆನ್ನಾಗಿ ಕೂರುತ್ತದೆ, ಅದರಲ್ಲೇ ಒಂಚೂರು ಕಾಳುಮೆಣಸಿನ ವಾಸನೆ ಇರುತ್ತದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನವರ ಲಾ ರಿಸರ್ವ್, ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್ ದ್ರಾಕ್ಷಿಗಳ ವೈನ್ ಬೆರೆಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು, ಇಂಥ ಹುರಿದ ಮಾಂಸಕ್ಕೇ ಇಡಿ. ಖಾರದ ಸಾರಿಗೆ ಅದು ದಂಡ.

750 ಎಂಎಲ್ ಬಾಟಲಿಯಲ್ಲಿ 150ರ ಲೆಕ್ಕಕ್ಕೆ ಐದು ಲೋಟ. ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನ ತಡೆಯುತ್ತದೆ. ಎಲೆಗೆ ಸಿಹಿ ಬೀಳುವ ಮುಂಚೆ ಲೋಟ ಖಾಲಿ ಮಾಡಿಬಿಡಿ, ಹೋಳಿಗೆ ತಿಂದ ಬಾಯಿಗೆ ಯಾವ ರೆಡ್ ವೈನೂ ಬರೀ ಹುಳಿ.